ಪಿಕಪ್ ಪೋಲ್‌ಪೀಸಿಗೆ ಎಸ್‌ಎಸ್ ಬೇಡ, ಎಂಎಸ್ ಸಾಕು

ಕಾರವಾರದಲ್ಲಿ ಸ್ಕ್ರೂ ಕೇಳಿದರೆ ಅಂಗಡಿಯವರು ಮೊದಲು ತೆಗೆದುಕೊಡುವುದೇ ಎಸ್‌ಎಸ್, ಅಂದರೆ ಸ್ಟೇನ್‌ಲೆಸ್ ಸ್ಟೀಲ್. ಉಪ್ಪುಗಾಳಿಯ ಊರು, ದೋಣಿಗೂ ಗೇಟಿಗೂ ಅದೇ ಸರಿ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಎಲೆಕ್ಟ್ರಿಕ್ ಗಿಟಾರಿನ ಪಿಕಪ್‌ಗೆ ಮಾತ್ರ ಅದು ನಡೆಯುವುದಿಲ್ಲ.

ಒಂದೊಂದು ತಂತಿಯ ಕೆಳಗೆ ಒಂದೊಂದರಂತೆ ನಿಂತಿರುವ ಪುಟ್ಟ ಲೋಹದ ತುಂಡೇ ಪೋಲ್‌ಪೀಸ್. ಅದರ ಕೆಲಸ ಪಿಕಪ್ಪಿನ ಅಯಸ್ಕಾಂತದ ಬಲವನ್ನು ತಂತಿಯವರೆಗೆ ಒಯ್ಯುವುದು. ಮಾಮೂಲಿ 304 ದರ್ಜೆಯ ಎಸ್‌ಎಸ್‌ನಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತದೆ. ಆ ನಿಕಲ್‌ನಿಂದಾಗಿ ಅದರ ಒಳರಚನೆಯೇ ಬೇರೆ, ಅಯಸ್ಕಾಂತಕ್ಕೆ ಹೆಚ್ಚುಕಡಿಮೆ ಸ್ಪಂದಿಸುವುದೇ ಇಲ್ಲ. ತಮಾಷೆಯೆಂದರೆ, ಒತ್ತಿ ತಿರುಪಿನ ಗೆರೆ ಮೂಡಿಸಿದ 304 ಸ್ಕ್ರೂ ಅಯಸ್ಕಾಂತಕ್ಕೆ ಸ್ವಲ್ಪ ಅಂಟಿದಂತೆ ಮಾಡುತ್ತದೆ. ಹಾಗಾಗಿ ನಾನು ಚಿಕ್ಕ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗುವುದು. ಗಟ್ಟಿಯಾಗಿ ಕಚ್ಚಿ ಹಿಡಿದರೆ ಮಾತ್ರ ಖರೀದಿ. 430 ದರ್ಜೆಯ ಎಸ್‌ಎಸ್ ಹಾಗೆ ಕಚ್ಚುತ್ತದೆ, ಆದರೆ ಬೇಕಾದ ದಪ್ಪದಲ್ಲಿ ಹುಡುಕುವುದೇ ಕಷ್ಟ. ಹಿತ್ತಾಳೆಯ ಮಾತೇ ಬೇಡ.

ನಾನು ತರುವುದು 5 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಬ್ರೈಟ್ ಬಾರ್, ಅಂದರೆ ನುಣುಪಾದ ಸರಳು. ಹಂಬಕರ್ ಎಂಬ ಎರಡು ಸುರುಳಿಯ ಪಿಕಪ್ಪಿನ ಬಾಬಿನ್ನಿನ (ತಾಮ್ರದ ತಂತಿ ಸುತ್ತುವ ಚೌಕಟ್ಟಿನ) ತೂತಿಗೆ 3/16 ಇಂಚು, ಅಂದರೆ ಸುಮಾರು 4.76 ಮಿ.ಮೀ. ಬೇಕು, ಲೇಥಿನಲ್ಲಿ ಚೂರೇ ಚೂರು ಇಳಿಸಬೇಕು. “ಎಸ್‌ಎಸ್ ಹಾಕ್ರಿ ಅಂದ್ರೆ ಬ್ಯಾಡ ಅಂತೀರಿ, ನಾಳೆ ತುಕ್ಕು ಹಿಡಿದ್ರೆ ನನ್ನ ಬೈಬ್ಯಾಡ್ರಿ,” ಎಂದು ಲೇಥಿನವರು ಪ್ರತಿ ಸಲ ಹೇಳುತ್ತಾರೆ. ಕಾರ್ಬನ್ ಕಡಿಮೆ ಇರುವ ಉಕ್ಕೇ ಬೇಕು. ಎಚ್‌ಟಿ (ಹೈ ಟೆನ್ಸೈಲ್) ಬೋಲ್ಟಿನಂಥ ಗಡಸು ಉಕ್ಕು ಅಯಸ್ಕಾಂತದ ಬಲವನ್ನು ಅಷ್ಟು ಸಲೀಸಾಗಿ ಸಾಗಿಸುವುದಿಲ್ಲ. ಕಾರ್ಬನ್ ಕಡಿಮೆ ಇರುವ ಉಕ್ಕಿನಲ್ಲೇ 1010 ದರ್ಜೆ ಒಳ್ಳೆಯದೋ 1018 ಒಳ್ಳೆಯದೋ ಎಂದು ಗಂಟೆಗಟ್ಟಲೆ ವಾದ ಮಾಡುವವರಿದ್ದಾರೆ. ಪಿಕಪ್ಪನ್ನು ತಂತಿಗೆ ಅರ್ಧ ಮಿಲಿಮೀಟರ್ ಹತ್ತಿರ ತಂದರೆ ಅದಕ್ಕಿಂತ ದೊಡ್ಡ ವ್ಯತ್ಯಾಸ ಕೇಳುತ್ತದೆ ಎಂಬುದು ನನ್ನ ಕಿವಿಯ ತೀರ್ಪು.

ಉಕ್ಕಿಗೂ ಅಲ್ನಿಕೋ ಎಂಬ ಅಯಸ್ಕಾಂತದ ಮಿಶ್ರಲೋಹಕ್ಕೂ ಇರುವ ವ್ಯತ್ಯಾಸ ಮಾತ್ರ ನಿಜವಾದದ್ದು. ಸ್ಟ್ರಾಟೋಕಾಸ್ಟರ್ ಗಿಟಾರಿನ ಬಗೆಯ ಪಿಕಪ್‌ನಲ್ಲಿ ಅಲ್ನಿಕೋ ಸರಳೇ ಪೋಲ್‌ಪೀಸ್, ಅಯಸ್ಕಾಂತವೂ ಅದೇ. ಪಿ-90 ಎಂಬ ಇನ್ನೊಂದು ಬಗೆಯ ಪಿಕಪ್‌ನಲ್ಲಿ ಉಕ್ಕಿನ ಸ್ಕ್ರೂ, ಅಯಸ್ಕಾಂತ ಅದರ ಬುಡದಲ್ಲಿ. ಪ್ಲಾಸ್ಟಿಕ್ ಬಾಬಿನ್ನಿನ ಸುತ್ತನ್ನು ಮುಟ್ಟದೆ, ಅಲ್ನಿಕೋ ಹೊರಗೆಳೆದು ಎಂಎಸ್ ತುಂಡು ತೂರಿಸಿ ಎಲ್‌ಸಿಆರ್ ಮೀಟರ್ ಹಚ್ಚಿ ನೋಡಿ: ಅದು ಅಳೆಯುವ ಇಂಡಕ್ಟನ್ಸ್ (ವಿದ್ಯುತ್ತಿನ ಏರಿಳಿತವನ್ನು ತಡೆಯುವ ಸುರುಳಿಯ ಗುಣ) ಚೆನ್ನಾಗಿಯೇ ಏರುತ್ತದೆ. ಅನುರಣನದ ತುದಿ, ಅಂದರೆ ಪಿಕಪ್ ಅತಿ ಜೋರಾಗಿ ಸ್ಪಂದಿಸುವ ಕಂಪನಾಂಕ, ಕೆಳಗಿಳಿಯುತ್ತದೆ, ಉಕ್ಕಿನೊಳಗೆ ಹುಟ್ಟುವ ಸುಳಿವಿದ್ಯುತ್ (ಎಡ್ಡಿ ಕರೆಂಟ್) ಆ ತುದಿಯನ್ನು ಮೊಂಡು ಮಾಡುತ್ತದೆ. ಬುಡಕ್ಕೆ ಅಯಸ್ಕಾಂತವಿಟ್ಟು ನುಡಿಸಿದರೆ ಮೊದಲ ತಂತಿಯ ಕಿಣಿಕಿಣಿ ತಗ್ಗಿ ನಡುವಿನ ದನಿ ತುಂಬಿಕೊಳ್ಳುತ್ತದೆ. ಡಿಸ್ಟಾರ್ಷನ್ ಹಾಕಿ ನುಡಿಸುವ ಹುಡುಗರಿಗೆ ಇದೇ ಇಷ್ಟ. ಚರ್ಚಿನಲ್ಲಿ ಕ್ಲೀನ್ ನುಡಿಸುವವರು ಬಂದರೆ ನಾನು ಅಲ್ನಿಕೋ 5 ಸರಳನ್ನೇ ತರಿಸುತ್ತೇನೆ. ಅದನ್ನು ಲೇಥಿಗೆ ಕೊಡುವಂತಿಲ್ಲ, ಪೆಡಸು, ಮುರಿದುಹೋಗುತ್ತದೆ. ಉದ್ದ ಹೆಚ್ಚಾದರೆ ಸಾಣೆ ಹಿಡಿಯಬೇಕು, ಅಷ್ಟೇ.

ಇನ್ನು ತುಕ್ಕು. ನಿಕಲ್ ಪ್ಲೇಟಿಂಗ್ ಮಾಡಿಸಿದರೆ ಉತ್ತಮ. ನಾಲ್ಕಾರು ತುಂಡಿಗೆ ಯಾರೂ ಮಾಡಿಕೊಡುವುದಿಲ್ಲವಾದ್ದರಿಂದ ನಾನು ತಲೆಯನ್ನು ನುಣ್ಣಗೆ ಉಜ್ಜಿ ಲ್ಯಾಕರ್ ಹಚ್ಚುತ್ತೇನೆ. ಅಂಗೈ ಬೆವರು ಬೀಳುವುದು ಅಲ್ಲಿಗೇ. ಒಳಗಿನ ಭಾಗಕ್ಕೆ ಪ್ಯಾರಾಫಿನ್ ಮೇಣದ ಜೊತೆ ಶಿರಸಿ ಕಡೆಯಿಂದ ತಂದ ಜೇನುಮೇಣ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಇಡೀ ಪಿಕಪ್ಪನ್ನೇ ಮುಳುಗಿಸುತ್ತೇನೆ. ಗುಳ್ಳೆ ಏಳುವುದು ನಿಲ್ಲುವವರೆಗೆ ಬಿಡಬೇಕು. ನೇರ ಬೆಂಕಿಗೆ ಇಟ್ಟರೆ ಬಾಬಿನ್ ಸೊಟ್ಟಗಾಗುತ್ತದೆ.