ಪಾಲೆ ಮರದ ಅಚ್ಚು, ಹ್ಯೂಸ್ ವಿಮಾನ

ಮಾಡೆಲ್ ಮಾಡುವವರಿಗೆ ನೀರಿನಿಂದಲೇ ಏಳುವ ಅಮೆರಿಕದ ದೈತ್ಯ ಮರದ ವಿಮಾನ ಹ್ಯೂಸ್ ಎಚ್-4 ಹರ್ಕ್ಯುಲಿಸ್‌ನ ಲೆಕ್ಕ ಬಲು ಸುಲಭ. ನೂರರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದರ ತುದಿಯಿಂದ ತುದಿಗೆ 97.5 ಮೀಟರ್ ರೆಕ್ಕೆ 97.5 ಸೆಂ.ಮೀ. ಆಗುತ್ತದೆ. ಉದ್ದ 66.6 ಸೆಂ.ಮೀ. ಟೀಪಾಯಿ ಮೇಲೆ ಹಿಡಿಸುವುದಿಲ್ಲ, ಮನೆಯವರಿಗೆ ಮೊದಲೇ ಹೇಳಿಡಿ.

1942ರಲ್ಲಿ ಜರ್ಮನ್ ಸಬ್‌ಮರೀನ್‌ಗಳು ಅಟ್ಲಾಂಟಿಕ್‌ನಲ್ಲಿ ಹಡಗು ಮುಳುಗಿಸುತ್ತಿದ್ದವು. 750 ಸೈನಿಕರನ್ನು ಒಟ್ಟಿಗೆ ಗಾಳಿಯಲ್ಲೇ ದಾಟಿಸುವ ಯೋಚನೆ ಬಂದದ್ದು ಆಗ. ಯುದ್ಧದಿಂದಾಗಿ ಅಲ್ಯೂಮಿನಿಯಂ ಬಳಕೆಗೆ ಕಟ್ಟುನಿಟ್ಟು, ಹಾಗಾಗಿ ಮರ. ಹೆಚ್ಚಿನದು ಬರ್ಚ್ ಮರದ ತೆಳು ಹಾಳೆ, ಅಂಟು ಹಾಕಿ ಅಚ್ಚಿನಲ್ಲಿ ಒತ್ತಿದ್ದು. ನಾವೂ ಹಾಗೇ ಮಾಡೋಣ.

ಅಚ್ಚಿಗೆ ಪಾಲೆ ಮರ ಸಾಕು. ನಮ್ಮ ಕರಾವಳಿಯಲ್ಲಿ ಆಟಿ ಅಮಾವಾಸ್ಯೆಗೆ ತೊಗಟೆಯ ಕಷಾಯ ಕುಡಿಯುತ್ತೇವಲ್ಲ, ಅದೇ. ಹಗುರ, ಮೆದು, ಉಳಿ ಸಲೀಸಾಗಿ ಓಡುತ್ತದೆ. ಹಸಿ ಮರ ಮಾತ್ರ ಬೇಡ, ಬೂಸ್ಟು ಹಿಡಿಯುತ್ತದೆ. ವಿಮಾನದ ಒಡಲನ್ನು ಉದ್ದಕ್ಕೆ ಸೀಳಿದ ಹಾಗೆ ಎಡಕ್ಕೊಂದು, ಬಲಕ್ಕೊಂದು ಅಚ್ಚು ಕೆತ್ತಿ. ಸುತ್ತಲೂ ಒಂದೂವರೆ ಮಿ.ಮೀ. ಸಣ್ಣದಿರಲಿ, ಹಾಳೆಯ ದಪ್ಪ ಅಲ್ಲಿ ಸೇರುತ್ತದೆ. ಒಡಲಿನ ತಳದಲ್ಲಿ ಮೆಟ್ಟಿಲಿನಂಥ ಏರುತಗ್ಗು ಇದೆ, ಅದನ್ನು ಬಿಡಬೇಡಿ. ನೀರಿನ ಮೇಲೆ ಓಡುವಾಗ ತಳಕ್ಕೆ ಅಂಟಿದ ನೀರು ಬಿಡಿಸಿಕೊಳ್ಳುವುದು ಅದರಿಂದಲೇ.

ಪ್ಲೈವುಡ್ ಅಂಗಡಿಯಲ್ಲಿ ಅರ್ಧ ಮಿ.ಮೀ. ದಪ್ಪದ ಮರದ ಹಾಳೆ, ಅಂದರೆ ವಿನಿಯರ್‌ನ ತುಂಡುಗಳನ್ನು ಕೇಳಿ, ಕಡಿಮೆಗೆ ಕೊಡುತ್ತಾರೆ. ಅಚ್ಚಿಗೆ ಮೇಣದ ಬತ್ತಿ ಚೆನ್ನಾಗಿ ಉಜ್ಜಿ, ಇಲ್ಲದಿದ್ದರೆ ಹಾಳೆ ಏಳುವುದಿಲ್ಲ. ಮೊದಲ ಪದರದ ನಾರು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ, ಮೂರನೆಯದು ಮತ್ತೆ ಉದ್ದಕ್ಕೆ. ಬಲ ಬರುವುದು ಈ ಅಡ್ಡ ಉದ್ದದಿಂದ, ಅಂಟು ಜಾಸ್ತಿ ಸುರಿದರೆ ಅಲ್ಲ. ಮೂತಿಯ ಹತ್ತಿರ ಹಾಳೆ ಎರಡೂ ಕಡೆಗೆ ಬಾಗಬೇಕು, ಅದು ಬಾಗುವುದಿಲ್ಲ. ಬೆರಳಗಲದ ಪಟ್ಟಿ ಮಾಡಿ, ತುದಿ ಚೂಪಾಗಿಸಿ, ಬಿಸಿನೀರಲ್ಲಿ ನೆನೆಸಿ ಅಚ್ಚಿಗೆ ಕಟ್ಟಿ. ಒಣಗಿ ಆ ಬಾಗು ನಿಂತ ಮೇಲೆ ಅಂಟು. ಕಟ್ಟಲು ಹಳೇ ಸೈಕಲ್ ಟ್ಯೂಬಿನ ಪಟ್ಟಿಯಷ್ಟು ಒಳ್ಳೆಯದು ಯಾವುದೂ ಇಲ್ಲ. ಕ್ಲಾಂಪ್ ಒಂದೇ ಕಡೆ ಒತ್ತುತ್ತದೆ, ಟ್ಯೂಬ್ ಇಡೀ ಮೈಯನ್ನು ಒತ್ತುತ್ತದೆ.

ನಾನಿರುವುದು ಮಲ್ಪೆಯಲ್ಲಿ. ಇಲ್ಲಿ ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ, ಹಾಳೆ ಉಬ್ಬಿ ಬಿಟ್ಟುಕೊಳ್ಳುತ್ತದೆ. ದೀಪಾವಳಿ ಕಳೆದ ಮೇಲೆ ಶುರು ಮಾಡಿ. ಆಗಲೂ ನೀರು ತಡೆಯುವ ಅಂಟನ್ನೇ ಕೊಳ್ಳಿ.

ರೆಕ್ಕೆಗೆ ಪಾಲೆ ಹಲಗೆಯನ್ನೇ ಕೆತ್ತಿದರಾಯಿತು. ಎಂಜಿನ್ ಎಂಟು, ಒಂದೊಂದರ ಪ್ರೊಪೆಲರ್‌ಗೂ ನಾಲ್ಕು ಅಲಗು. ಬಣ್ಣ ಬಳಿಯಬೇಡಿ, ವಾರ್ನಿಷ್ ಸಾಕು. ಇಷ್ಟು ಕಷ್ಟಪಟ್ಟ ನಾರು ಕಾಣದಿದ್ದರೆ ಹೇಗೆ ಅಲ್ವಾ?

ವಿಮಾನ ತಯಾರಾಗುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. 1947ರ ನವೆಂಬರ್ 2ರಂದು ಒಂದೇ ಸಲ, ಸುಮಾರು ಒಂದು ಮೈಲಿ ಹಾರಿತು. ನೀರಿನಿಂದ ಎತ್ತರ ಸುಮಾರು 70 ಅಡಿ, ಅಂದರೆ 21 ಮೀಟರ್. ಹಾಗಾಗಿ ನಿಮ್ಮ ಸ್ಟ್ಯಾಂಡ್ 21 ಸೆಂ.ಮೀ. ಇರಲಿ.