ಕುಕೀಯನ್ನು ನಾನು ಓದುವ ಕ್ರಮ

ಕುಕೀ ಎಂದರೆ ತಾಣವೊಂದು ನಮ್ಮ ಬ್ರೌಸರಿನಲ್ಲಿ ಇಡುವ ಚಿಕ್ಕ ಮಾಹಿತಿ. ಯಾವುದೇ ತಾಣದ ಕುಕೀ ನೋಡುವ ಮೊದಲು ಇನ್‌ಕಾಗ್ನಿಟೊ ಕಿಟಕಿ ತೆರೆಯುತ್ತೇನೆ. ಹಳೆಯವು ತುಂಬಿಕೊಂಡಿರುವ ಬ್ರೌಸರಿನಲ್ಲಿ ಯಾವುದು ಎಲ್ಲಿಂದ ಬಂತೆಂದು ಗೊತ್ತಾಗುವುದಿಲ್ಲ. ಎಫ್12 ಒತ್ತಿ ಡೆವಲಪರ್ ಪರಿಕರ ತೆರೆದು, ನೆಟ್‌ವರ್ಕ್ ಟ್ಯಾಬಿನಲ್ಲಿ ‘ಪ್ರಿಸರ್ವ್ ಲಾಗ್’ಗೆ ಟಿಕ್ ಹಾಕಿ, ಆಮೇಲೆ ವಿಳಾಸ ಕೊಡುತ್ತೇನೆ. ಟಿಕ್ ಹಾಕದಿದ್ದರೆ ಲಾಗಿನ್ ಆಗಿ ಪುಟ ಬದಲಾದ ಕೂಡಲೇ ಹಿಂದಿನ ಸಾಲುಗಳು ಮಾಯ. ಲಾಗಿನ್ ಆದವರನ್ನು ಗುರುತಿಡುವ ಸೆಷನ್ ಕುಕೀ ಬರುವುದೋ ಸಾಮಾನ್ಯವಾಗಿ ಆ ಹಂತದಲ್ಲೇ.

ಸರ್ವರಿನ ಉತ್ತರದಲ್ಲಿ ‘ಸೆಟ್-ಕುಕೀ’ ಎಂಬ ಹೆಡರ್ (ಪುಟದ ಜೊತೆ ಬರುವ ಸೂಚನೆಯ ಸಾಲು) ಹುಡುಕಿ. ಮೊದಲು ಹೆಸರು ಮತ್ತು ಮೌಲ್ಯ, ಆಮೇಲೆ ಷರತ್ತುಗಳು: ಡೊಮೇನ್ (ಯಾವ ತಾಣಕ್ಕೆ), ಪಾಥ್ (ತಾಣದ ಯಾವ ಭಾಗಕ್ಕೆ), ಮ್ಯಾಕ್ಸ್-ಏಜ್ (ಎಷ್ಟು ಸೆಕೆಂಡು ಬಾಳಬೇಕು), ಸೆಕ್ಯೂರ್ (ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ), ಎಚ್‌ಟಿಟಿಪಿ-ಓನ್ಲಿ (ಪುಟದ ಸ್ಕ್ರಿಪ್ಟ್‌ಗೆ ಕಾಣದು), ಸೇಮ್‌ಸೈಟ್ (ಬೇರೆ ತಾಣದಿಂದ ಹುಟ್ಟಿದ ವಿನಂತಿಯ ಜೊತೆ ಹೋಗಬೇಕೇ). ಈಗ ಮುಂದಿನ ವಿನಂತಿಯ ‘ಕುಕೀ’ ಹೆಡರ್ ನೋಡಿ. ಅಲ್ಲಿ ಹೆಸರು, ಮೌಲ್ಯ ಬಿಟ್ಟರೆ ಬೇರೇನೂ ಇಲ್ಲ. ಷರತ್ತುಗಳು ಬ್ರೌಸರಿನಲ್ಲೇ ಉಳಿದವು, ಸರ್ವರಿಗೆ ಮರಳಿ ಹೋಗಲಿಲ್ಲ. ನಾನು ಕಂಡ ಕುಕೀ ತಕರಾರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಒಂದೇ ಹೆಸರಿನ ಕುಕೀ ಎರಡು ಪಾಥ್‌ಗಳಲ್ಲಿದ್ದರೆ ಎರಡೂ ಹೋಗುತ್ತವೆ, ಯಾವುದು ಯಾವುದೆಂದು ಸರ್ವರಿಗೆ ತಿಳಿಯದು. ಅಳಿಸಲು ಮ್ಯಾಕ್ಸ್-ಏಜ್ ಸೊನ್ನೆ ಮಾಡಿ ಕಳಿಸುವಾಗಲೂ ಹೆಸರು, ಡೊಮೇನ್, ಪಾಥ್ ಮೂರೂ ಮೊದಲಿನಂತೆಯೇ ಇರಬೇಕು. ಒಂದು ತಪ್ಪಿದರೂ ಹಳೆಯದು ಹಾಗೇ ಕೂತಿರುತ್ತದೆ. ಪೋರ್ಟ್ ಮಾತ್ರ ಲೆಕ್ಕಕ್ಕಿಲ್ಲ. ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ ನಮ್ಮದೇ ಯಂತ್ರದಲ್ಲಿ, 3000 ಮತ್ತು 8080 ಪೋರ್ಟ್‌ಗಳ ಎರಡು ಆ್ಯಪ್‌ಗಳು ಒಂದರ ಸೆಷನ್ನನ್ನು ಇನ್ನೊಂದು ತುಳಿಯುವುದು ಅದಕ್ಕೇ.

ಮೌಲ್ಯದ ವಿಷಯಕ್ಕೆ ಬಂದರೆ, ಸೆಷನ್ ಕುಕೀಯಲ್ಲಿ ನಿಮ್ಮ ಹೆಸರು, ಪಾಸ್‌ವರ್ಡ್ ಹುಡುಕಿ ಪ್ರಯೋಜನವಿಲ್ಲ. ಸಾಮಾನ್ಯವಾಗಿ ಇರುವುದು ಅರ್ಥವಿಲ್ಲದ ಉದ್ದ ಗುರುತು, ಮಾಹಿತಿಯೆಲ್ಲ ಸರ್ವರಿನಲ್ಲಿ. ಸರ್ವರಿನಲ್ಲಿ ಓಡುವ ಪಿಎಚ್‌ಪಿ ಭಾಷೆಯಲ್ಲಿ ಸೆಷನ್ ಮಾಹಿತಿಯ ಪೂರ್ವನಿಗದಿತ ಆಯುಷ್ಯ 1440 ಸೆಕೆಂಡು, ಅಂದರೆ 24 ನಿಮಿಷ. ಕುಕೀ ಕಣ್ಣೆದುರೇ ಇದ್ದೂ ಲಾಗೌಟ್ ಆದರೆ ಮೊದಲು ಅದನ್ನು ನೋಡಿ. ತಾಣದ ಭೇಟಿಗಳನ್ನು ಎಣಿಸುವ ಗೂಗಲ್ ಅನಲಿಟಿಕ್ಸ್‌ನ ‘_ಜಿಎ’ ಕುಕೀ ಹಾಗಲ್ಲ, ಅದನ್ನು ಓದಬಹುದು: ಚುಕ್ಕಿಗಳ ನಡುವಿನ ಕೊನೆಯ ಸಂಖ್ಯೆ ಆ ಬ್ರೌಸರ್ ಮೊದಲು ಬಂದ ಕ್ಷಣ, 1970ರಿಂದ ಎಣಿಸಿದ ಸೆಕೆಂಡುಗಳಲ್ಲಿ. 1700000000 ಇದ್ದರೆ ನಮ್ಮ ಸಮಯದಲ್ಲಿ 2023ರ ನವೆಂಬರ್ 15, ಬೆಳಗಿನ ಜಾವ 3:43.

ಕನ್ನಡ ಪಠ್ಯವನ್ನು ಕುಕೀಗೆ ತುಂಬಬೇಡಿ. ಪರ್ಸೆಂಟ್ ಎನ್‌ಕೋಡ್ ಮಾಡಿದಾಗ, ಅಂದರೆ ಪ್ರತಿ ಬೈಟನ್ನು % ಚಿಹ್ನೆ ಮತ್ತು ಎರಡು ಅಕ್ಷರಗಳಾಗಿ ಬರೆದಾಗ, ಕನ್ನಡದ ಪ್ರತಿ ಯುನಿಕೋಡ್ ಸಂಕೇತಕ್ಕೆ 9 ಅಕ್ಷರ ಬೇಕು. ‘ಕನ್ನಡ’ ಎಂಬ ಐದು ಸಂಕೇತಗಳ ಪದವೇ 45 ಆಗುತ್ತದೆ. ಒಂದು ಕುಕೀಗೆ ಸಿಗುವುದು ಸುಮಾರು 4096 ಬೈಟ್, ಮೀರಿದರೆ ಬ್ರೌಸರ್ ಸದ್ದಿಲ್ಲದೆ ಬಿಸಾಡುತ್ತದೆ.

ಹೆಚ್ಚು ಕಾಡುವುದು ಸೇಮ್‌ಸೈಟ್. ಏನೂ ಬರೆಯದಿದ್ದರೆ ‘ಲ್ಯಾಕ್ಸ್’ ಎಂದೇ ಲೆಕ್ಕ ಹಾಕುವ ಕ್ರಮವನ್ನು ಕ್ರೋಮ್ 2020ರಲ್ಲಿ ತಂದಿತು. ಲ್ಯಾಕ್ಸ್ ಕುಕೀ ಬೇರೆ ತಾಣದ ಕೊಂಡಿ ಒತ್ತಿ ಬಂದಾಗ ಹೋಗುತ್ತದೆ, ಬೇರೆ ತಾಣ ಪೋಸ್ಟ್ ಮಾಡಿದರೆ (ಫಾರ್ಮ್ ಸಲ್ಲಿಸಿದಂತೆ ಮಾಹಿತಿ ಕಳಿಸಿದರೆ) ಹೋಗುವುದಿಲ್ಲ. ಪೇಮೆಂಟ್ ಗೇಟ್‌ವೇ ಗ್ರಾಹಕರನ್ನು ಪೋಸ್ಟ್ ಮೂಲಕ ವಾಪಸ್ ಕಳಿಸಿದರೆ ದುಡ್ಡು ಕಟ್ಟಿಯೂ ಅವರು ಲಾಗಿನ್ ಪುಟದಲ್ಲಿ ನಿಲ್ಲುತ್ತಾರೆ. ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ, ಏಕೆಂದರೆ ಸೇಮ್‌ಸೈಟ್ ಬರೆಯದ ಕುಕೀಗೆ ಹುಟ್ಟಿದ ಮೊದಲ ಎರಡು ನಿಮಿಷ ಕ್ರೋಮ್ ವಿನಾಯಿತಿ ಕೊಡುತ್ತದೆ. ನಾವು ಅಷ್ಟರಲ್ಲಿ ಪಾವತಿ ಮುಗಿಸಿರುತ್ತೇವೆ, ಓಟಿಪಿಗೆ ಕಾಯುವ ಗ್ರಾಹಕರು ಮುಗಿಸಿರುವುದಿಲ್ಲ. ಹಾಗಾಗಿ ಗೇಟ್‌ವೇ ಗ್ರಾಹಕರನ್ನು ವಾಪಸ್ ಕಳಿಸುವ ಆ ಒಂದು ವಿಳಾಸದಲ್ಲಿ ಸೆಷನ್ ಶುರು ಮಾಡದೆ, ಗೇಟ್‌ವೇಯ ಸಹಿ ಪರಿಶೀಲಿಸಿ, ಆರ್ಡರ್ ಸಂಖ್ಯೆಯಿಂದ ಹಣ ದಾಖಲಿಸಿ, 303 (‘ಬೇರೆ ಪುಟಕ್ಕೆ ಹೋಗು’ ಎಂಬ ಉತ್ತರ) ಕೊಟ್ಟು ಸ್ವಂತ ಪುಟಕ್ಕೆ ಕಳಿಸುತ್ತೇನೆ. ಗೇಟ್‌ವೇಯಿಂದ ಮರಳುವ ಆ ವಿಳಾಸದಲ್ಲೇ ಹೊಸ ಸೆಷನ್ ತೆರೆದರೆ ಹಳೆಯ ಕುಕೀ ಮೇಲೆ ಅದೇ ಕೂರುತ್ತದೆ. ಸೇಮ್‌ಸೈಟ್‌ಗೆ ‘ನನ್’ (ನಿರ್ಬಂಧವಿಲ್ಲ) ಎಂದು ಬರೆಯುವುದೂ ಒಂದು ದಾರಿ, ಜೊತೆಗೆ ಸೆಕ್ಯೂರ್ ಕಡ್ಡಾಯ; ಆದರೆ ಒಂದು ಪುಟಕ್ಕಾಗಿ ಇಡೀ ತಾಣದ ರಕ್ಷಣೆ ಸಡಿಲಿಸುವುದು ನನಗೆ ಒಪ್ಪಿಗೆಯಿಲ್ಲ.

ಯಾರಿಗಾದರೂ ಸ್ಕ್ರೀನ್‌ಶಾಟ್ ಕಳಿಸುವುದಾದರೆ ಸೆಷನ್ ಮೌಲ್ಯ ಮುಚ್ಚಿ. ಅದು ಕೈಗೆ ಸಿಕ್ಕವರು ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಖಾತೆಯೊಳಗೆ ಹೋಗಬಹುದು. ಈಗಾಗಲೇ ಕಳಿಸಿದ್ದರೆ ಕುಕೀ ಅಳಿಸಿ ಸುಮ್ಮನಾಗಬೇಡಿ, ಲಾಗೌಟ್ ಒತ್ತಿ. ಸರ್ವರಿನಲ್ಲಿರುವ ಸೆಷನ್ ಮುಗಿಯಬೇಕಾದರೆ ಅದೇ ಬೇಕು.