ಬೇಜಾರು ಯಾರಿಗಿಲ್ಲ? ಕ್ಲಿನಿಕ್ಕಿನಲ್ಲಿ ಖಿನ್ನತೆ ಪತ್ತೆ ಹೀಗೆ

ಮೂಡಿಗೆರೆ ಕಡೆಯ ತೋಟದ ಹೆಂಗಸೊಬ್ಬರನ್ನು ‘ಬೇಜಾರಾಗ್ತದಾ?’ ಎಂದು ಕೇಳಿ. ‘ಬೇಜಾರು ಯಾರಿಗಿಲ್ಲ ಹೇಳಿ, ತಲೆಭಾರಕ್ಕೊಂದು ಮಾತ್ರೆ ಕೊಡಿ’ ಎನ್ನುತ್ತಾರೆ. ಮನೋವೈದ್ಯರ ಹತ್ತಿರವೇ ಬಂದವರಲ್ಲೂ ಖಿನ್ನತೆ ಹೀಗೆ ಕಣ್ತಪ್ಪುತ್ತದೆ. ಕುಡಿತ ಬಿಡಿಸಲು ಬಂದವರ ಚೀಟಿಯಲ್ಲಂತೂ ಅದರ ಸುಳಿವೇ ಇರುವುದಿಲ್ಲ. ಅದಕ್ಕೇ ಹೊರರೋಗಿಗಳಾಗಿ ಬರುವ ವಯಸ್ಕರನ್ನೆಲ್ಲ ಕೇಳಿಬಿಡುವುದು ಒಳ್ಳೆಯದು.

ಬೇಕಾದದ್ದು ಖಿನ್ನತೆಯ ಲಕ್ಷಣಗಳನ್ನು ಕೇಳುವ ‘ಪಿಎಚ್‌ಕ್ಯು-9’ ಎಂಬ ಒಂದು ಹಾಳೆ. ಬಳಸಲು ಶುಲ್ಕವಿಲ್ಲ, ಕನ್ನಡದಲ್ಲೂ ಇದೆ. ಕಳೆದ 2 ವಾರದ ಬಗ್ಗೆ 9 ಪ್ರಶ್ನೆ; ‘ಇಲ್ಲವೇ ಇಲ್ಲ’ ಎಂದರೆ 0, ‘ಹೆಚ್ಚುಕಮ್ಮಿ ದಿನಾ’ ಎಂದರೆ 3. ಒಟ್ಟು 27 ಅಂಕ.

ಕೇಳುವವರು ಯಾರೆಂದು ಮೊದಲೇ ಗೊತ್ತುಮಾಡಿ. ಬಿ.ಪಿ. ನೋಡುವ ನರ್ಸ್ ಆದರೆ ಸಲೀಸು. ಓದು ಬಾರದವರಿಗೆ ಅವರೇ ಓದಿ ಹೇಳಲಿ. ಜೊತೆಗೆ ಬಂದವರನ್ನು ಐದು ನಿಮಿಷ ಹೊರಗೆ ಕೂರಿಸಿ. ಇಲ್ಲವಾದರೆ ಸೊಸೆಗೆ ಕೇಳಿದ್ದಕ್ಕೆ ಅತ್ತೆ ಉತ್ತರ ಹೇಳುತ್ತಾರೆ.

ಸುಸ್ತಿನ ಪ್ರಶ್ನೆಯಲ್ಲಿ ತುಸು ತಡೆದು ನಿಲ್ಲಿ. ಕಾಫಿ ಕೊಯ್ಲಿನ ಕಾಲದಲ್ಲಿ ಮೈಕೈ ನೋವು, ಸುಸ್ತು ಎಲ್ಲರಿಗೂ ಇದ್ದದ್ದೇ. ಸಂತೆ ದಿನ ರಜೆ ಇದ್ದರೂ ಹಾಸಿಗೆ ಬಿಟ್ಟು ಏಳಲಾಗದು, ಪೇಟೆಗೆ ಹೋಗುವ ಆಸೆಯೇ ಹುಟ್ಟದು ಎಂದರೆ ಅದು ಬರೀ ಕೊಯ್ಲಿನ ಸುಸ್ತಲ್ಲ.

ಅಂಕ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ವಿವರವಾಗಿ ಮಾತಾಡಬೇಕು. ಅಂಕವೇ ರೋಗನಿರ್ಣಯವಲ್ಲ. ಥೈರಾಯ್ಡ್ ತೊಂದರೆ, ರಕ್ತಹೀನತೆ ಇದೆಯೇ ನೋಡಬೇಕು. ಹಿಂದೊಮ್ಮೆ ನಿದ್ದೆಯೇ ಬೇಡವೆನ್ನುವಷ್ಟು ಹುಮ್ಮಸ್ಸು ದಿನಗಟ್ಟಲೆ ಇತ್ತೇ ಎಂದು ಕೇಳದೆ ಖಿನ್ನತೆಯ ಮಾತ್ರೆ ಶುರುಮಾಡಬಾರದು. ಬೈಪೋಲಾರ್, ಅಂದರೆ ಖಿನ್ನತೆಯೂ ಅತಿ ಹುಮ್ಮಸ್ಸೂ ಸರದಿಯಲ್ಲಿ ಬರುವ ಕಾಯಿಲೆ, ಇದ್ದವರಿಗೆ ಆ ಮಾತ್ರೆ ತಿರುಗಿಬಿದ್ದು ಹುಮ್ಮಸ್ಸು ಕೆರಳಬಹುದು.

ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಕೇಳಿದರೆ ಎಲ್ಲಿ ತಲೆಗೆ ಹೊಳೆಯುತ್ತದೋ ಎಂದು ಸಿಬ್ಬಂದಿ ಹಿಂಜರಿಯುತ್ತಾರೆ. ಹಾಗಾಗುವುದಿಲ್ಲ, ಎಷ್ಟೋ ಜನ ಹೇಳಿಕೊಂಡು ಹಗುರಾಗುತ್ತಾರೆ. ಇಲ್ಲಿ 1 ಬಂದರೂ, ಒಟ್ಟು ಅಂಕ ಕಡಿಮೆಯಿದ್ದರೂ, ಅಂದೇ ವೈದ್ಯರು ನೋಡದೆ ಮನೆಗೆ ಕಳಿಸುವಂತಿಲ್ಲ. ಈ ವ್ಯವಸ್ಥೆ ಇಲ್ಲದಿದ್ದರೆ ಹಾಳೆ ಹಂಚುವುದನ್ನೇ ಶುರುಮಾಡಬೇಡಿ. ರೋಗಿಯ ಒಪ್ಪಿಗೆ ಪಡೆದು ಮನೆಯವರೊಡನೆ ಮಾತಾಡಿ, ತೋಟಕ್ಕೆ ಹೊಡೆಯುವ ಔಷಧಿಯನ್ನು ಬೇರೆಯವರ ವಶಕ್ಕೆ ಕೊಟ್ಟು ಬೀಗ ಹಾಕಿಸಿ. ನಮ್ಮಲ್ಲಿ ಅದನ್ನೂ ‘ಔಷಧಿ’ ಎಂದೇ ಕರೆಯುವುದರಿಂದ ಯಾವುದೆಂದು ಬಿಡಿಸಿ ಹೇಳಿ. ಹಗಲು ರಾತ್ರಿ ಸಿಗುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಮೊಬೈಲಿಗೆ ಹಾಕಿಕೊಡಿ.

ಮುಂದಿನ ಭೇಟಿಗಳಲ್ಲೂ ಅದೇ ಹಾಳೆ. ಅಂಕ ಅರ್ಧಕ್ಕಿಳಿದರೆ ಚಿಕಿತ್ಸೆ ಹಿಡಿದಿದೆ. ಮಾತ್ರೆಯ ಗುಣ ಕಾಣಲು ವಾರಗಳೇ ಬೇಕು, ನಾಲ್ಕೇ ದಿನಕ್ಕೆ ಬಿಡಬೇಡಿ ಎಂದು ಹೇಳಿ. ಮರುಭೇಟಿಗೆ ಸಂತೆ ದಿನವನ್ನೇ ಬರೆದುಕೊಡಿ, ಕೂಲಿ ತಪ್ಪುವುದಿಲ್ಲ.